ಸೋಲಾರ್ ಇರುವ ಮನೆಯನ್ನು ಮಾರುವಾಗ ಬೆಲೆ ಕಟ್ಟುವ ಬಗೆ

ತಾರಸಿಯ ಮೇಲೆ ಸೋಲಾರ್ ಫಲಕಗಳಿದ್ದರೆ ಮನೆಯ ಬೆಲೆ ಶೇಕಡಾ ಇಷ್ಟು ಏರುತ್ತದೆ ಎಂಬ ಲೆಕ್ಕವನ್ನು ಬೆಂಗಳೂರಿನಲ್ಲಿ ಮನೆ ಮಾರುವವರು ನೆಚ್ಚಿಕೊಳ್ಳಬಾರದು. ಅಮೆರಿಕದಲ್ಲಿ ಇಂಥ ಮನೆಗಳು ಸರಾಸರಿ ಶೇ 4.1ರಷ್ಟು ಹೆಚ್ಚಿನ ಬೆಲೆಗೆ ಹೋಗುತ್ತವೆ ಎಂದು ಅಲ್ಲಿನ ಮನೆ ಮಾರಾಟದ ಜಾಲತಾಣ ಜಿಲ್ಲೋ 2019ರಲ್ಲಿ ಹೇಳಿತ್ತು. ನಮ್ಮಲ್ಲಿ ಬೆಲೆಯ ಬಹುಪಾಲು ನಿವೇಶನದ್ದು. ಒಂದೂವರೆ ಕೋಟಿಯ ಮನೆಗೆ ಅದೇ ಪ್ರಮಾಣದಲ್ಲಿ ಆರು ಲಕ್ಷ ಹೆಚ್ಚು ಕೇಳಿದರೆ, ಸುಮಾರು ಎರಡು ಲಕ್ಷಕ್ಕೆ ಮೂರು ಕಿಲೋವ್ಯಾಟ್‌ನ ಹೊಸ ಘಟಕವೇ ಬರುತ್ತದೆಂದು ಬಲ್ಲ ಕೊಳ್ಳುವವರು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಆದ್ದರಿಂದ ಘಟಕಕ್ಕೆ ಪ್ರತ್ಯೇಕವಾಗಿಯೇ ಬೆಲೆ ಕಟ್ಟಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿರುವುದರಿಂದ, ಅದನ್ನು ಕಳೆದು ಉಳಿಯುವ ಹೊಸ ಘಟಕದ ವೆಚ್ಚವನ್ನೇ ಮೇಲ್ಮಿತಿಯೆಂದು ಇಟ್ಟುಕೊಳ್ಳಿ. ಅದರಿಂದ ವಯಸ್ಸಿನ ಸವಕಳಿಯನ್ನು ಇಳಿಸಿ. ಫಲಕಗಳ ಉತ್ಪಾದನೆಗೆ ಸಾಮಾನ್ಯವಾಗಿ 25 ವರ್ಷಗಳ ವಾರಂಟಿ ಇದ್ದರೂ ಇನ್‌ವರ್ಟರ್‌ನದು ಐದರಿಂದ ಹತ್ತು ವರ್ಷಗಳಲ್ಲಿ ಮುಗಿಯುತ್ತದೆ; ಮುಗಿದಿದ್ದರೆ ಹೊಸ ಇನ್‌ವರ್ಟರ್‌ನ ಬೆಲೆಯನ್ನೂ ಕಳೆಯುವುದು ನ್ಯಾಯ.

ಇನ್ನು ಉಳಿತಾಯದ ಮಾತು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್‌ನಿಂದ ಬರುವ ವಿದ್ಯುತ್ತೆಲ್ಲ ಮನೆಗೇ ಬಳಕೆಯಾದರೆ, ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ ವರ್ಷಕ್ಕೆ 25,000 ರೂಪಾಯಿಯಷ್ಟು ಉಳಿಯುತ್ತದೆ. ಆದರೆ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಶೂನ್ಯ ಬಿಲ್ ಪಡೆಯುತ್ತಿರುವ ಚಿಕ್ಕ ಕುಟುಂಬಕ್ಕೆ ಈ ಲೆಕ್ಕ ರುಚಿಸದು. ಎಸಿ, ವಿದ್ಯುತ್ ಕಾರು ಇರುವವರಿಗೆ ಇದು ನಿಜವಾದ ಲಾಭ. (ಸ್ನಾನದ ನೀರಿನ ಸೋಲಾರ್ ಹೀಟರನ್ನು ಈ ಬೆಲೆಗೆ ಸೇರಿಸಲು ಹೋಗಬೇಡಿ, ಸ್ವತಂತ್ರ ಮನೆಯಲ್ಲಿ ಅದು ಇದ್ದೇ ಇರುತ್ತದೆಂದು ಜನ ಭಾವಿಸುತ್ತಾರೆ.)

ಬೆಲೆಯನ್ನು ನಿಲ್ಲಿಸುವುದು ಕಾಗದಪತ್ರಗಳೇ. ಗ್ರಿಡ್‌ಗೆ ಕೊಟ್ಟ ಮತ್ತು ಅಲ್ಲಿಂದ ಪಡೆದ ಯೂನಿಟ್‌ಗಳನ್ನು ತೋರಿಸುವ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್‌ಗಳು, ಫಲಕಗಳ ಕ್ರಮಸಂಖ್ಯೆಯಿರುವ ರಸೀದಿ, ವಾರಂಟಿ ಪತ್ರ, ನೆಟ್ ಮೀಟರ್ (ಈ ಕೊಡು-ಕೊಳ್ಳುವಿಕೆಯನ್ನು ಅಳೆಯುವ ಮೀಟರ್) ಒಪ್ಪಂದ, ಸಾಲ ಮಾಡಿ ಹಾಕಿಸಿದ್ದರೆ ಅದು ತೀರಿದ ಪತ್ರ, ಇವೆಲ್ಲ ಒಂದೇ ಕಡತದಲ್ಲಿರಲಿ. ಹಳೆಯ ಒಪ್ಪಂದಗಳನ್ನು ವಿಶೇಷವಾಗಿ ಗಮನಿಸಿ: 2013ರಲ್ಲಿ ರಾಜ್ಯದ ವಿದ್ಯುತ್ ದರ ನಿಗದಿಪಡಿಸುವ ಆಯೋಗವಾದ ಕೆಇಆರ್‌ಸಿ, ಸಹಾಯಧನ ಪಡೆಯದ ತಾರಸಿ ಘಟಕಗಳು ಗ್ರಿಡ್‌ಗೆ ಕೊಡುವ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ನಿಗದಿಪಡಿಸಿತ್ತು. ಅಂಥ 25 ವರ್ಷಗಳ ಒಪ್ಪಂದ ನಿಮ್ಮಲ್ಲಿದ್ದರೆ, ಅದೇ ದರ ಕೊಳ್ಳುವವರ ಹೆಸರಿಗೂ ಮುಂದುವರಿಯುವುದೇ ಎಂದು ಉಪವಿಭಾಗದ ಕಚೇರಿಯಿಂದ ಬರವಣಿಗೆಯಲ್ಲಿ ಪಡೆದ ನಂತರವೇ ಅದಕ್ಕೆ ಬೆಲೆ ಹೇಳಿ.

ಫಲಕಗಳು ಬೆಲೆಯನ್ನು ತಗ್ಗಿಸುವ ಸಂದರ್ಭವೂ ಉಂಟು. ಮೇಲೊಂದು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡುವ ಯೋಚನೆಯಲ್ಲಿ ಬಂದವರಿಗೆ ಅವು ಅಡ್ಡಿ. ಕಂಬಗಳ ಬೋಲ್ಟ್ ಕೂರಿಸಿದ ಕಡೆ ನೀರು ಸೋರಿದ ಗುರುತಿದ್ದರಂತೂ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ. ತೋರಿಸುವ ಮೊದಲೇ ತಾರಸಿಯನ್ನು ದುರಸ್ತಿ ಮಾಡಿಸಿ. ಘಟಕ ಬೇಡವೆಂದರೆ ಬಿಚ್ಚಿ ಒಯ್ಯುವವರು ಯಾರು, ಆ ಖರ್ಚು ಯಾರದು ಎಂಬುದನ್ನು ಕ್ರಯದ ಕರಾರಿನಲ್ಲೇ ಬರೆಸಿ. ಬೇಕೆಂದರೆ ಫಲಕ, ಇನ್‌ವರ್ಟರ್ ಮತ್ತು ಮೀಟರ್‌ಗಳನ್ನು ಷೆಡ್ಯೂಲ್‌ನಲ್ಲಿ ಹೆಸರಿಸಿ, ನೋಂದಣಿಯಾದ ಕೂಡಲೇ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಖಾತೆಯ) ಹೆಸರು ಬದಲಾವಣೆಯ ಜೊತೆಗೆ ನೆಟ್ ಮೀಟರ್ ಒಪ್ಪಂದವನ್ನೂ ಹೊಸ ಮಾಲೀಕರಿಗೆ ವರ್ಗಾಯಿಸಲು ಅರ್ಜಿ ಕೊಡಿಸಿ.