ರಾಜಕೀಯ ಬರಹವನ್ನು ಪರಿಶೀಲಿಸುವ ಬಗೆ: ಹೂರಣ ಮತ್ತು ವಿನ್ಯಾಸ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ರಾಜಕೀಯದ ಬಗ್ಗೆ ಬರೆಯುವವರಿಗೆ ವಿಷಯದ ಬರವಿಲ್ಲ. ಕಬ್ಬಿನ ದರ, ಆಲಮಟ್ಟಿ ಅಣೆಕಟ್ಟೆಯ ಎತ್ತರ, ಮಹದಾಯಿ ನೀರು, ಗಡಿ ತಕರಾರು, ಸುವರ್ಣ ವಿಧಾನಸೌಧದ ಅಧಿವೇಶನ, ಇವುಗಳಲ್ಲಿ ಯಾವುದಾದರೊಂದು ಸದಾ ಬಿಸಿಯಾಗಿಯೇ ಇರುತ್ತದೆ. ಅದರ ಮೇಲಿನ ಬರಹಗಳು ಬೆಳಗಾಗುವಷ್ಟರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದುಬರುತ್ತವೆ. ಇಂಥ ಬರಹಗಳನ್ನು ಓದಿ ಅಭಿಪ್ರಾಯ ಹೇಳಬೇಕಾದ ಅಧ್ಯಾಪಕರು, ವರದಿಗಾರರು, ಓದುಗ ಬಳಗದವರು ಸಾಮಾನ್ಯವಾಗಿ ಹೂರಣದ ಬಗ್ಗೆ ನಾಲ್ಕು ಮಾತು ಹೇಳಿ, ವಿನ್ಯಾಸದ ವಿಷಯಕ್ಕೆ ಬಂದಾಗ "ಅಂದವಾಗಿದೆ" ಎಂದು ಮುಗಿಸುತ್ತಾರೆ. ಎರಡನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕೆಂಬುದು ನನ್ನ ನಿಲುವು: ತಾನು ಹೇಳಿದ್ದನ್ನು ಓದುಗನೇ ಸ್ವತಃ ಪರೀಕ್ಷಿಸಿ ನೋಡಲು ಈ ಪುಟ ಎಷ್ಟು ದಾರಿ ಬಿಟ್ಟುಕೊಟ್ಟಿದೆ?

ಬರಹವನ್ನು ಮೊದಲ ಸಲ ಯಾವ ಗುರುತನ್ನೂ ಹಾಕದೆ ಪೂರ್ತಿ ಓದಬೇಕು. ಎರಡನೆಯ ಓದಿನಲ್ಲಿ ಪ್ರತಿ ವಾಕ್ಯವನ್ನೂ ಮೂರು ಬಗೆಯಾಗಿ ಬೇರ್ಪಡಿಸಬೇಕು: ದಾಖಲೆಯಿಂದ ಪರೀಕ್ಷಿಸಬಹುದಾದ ಸಂಗತಿ, ಆ ಸಂಗತಿಯಿಂದ ಲೇಖಕರು ಎಳೆದ ತೀರ್ಮಾನ, ಲೇಖಕರ ಸ್ವಂತ ಅಭಿಪ್ರಾಯ. ಅಭಿಪ್ರಾಯವನ್ನು ವಿಮರ್ಶಕರು ಒಪ್ಪಬೇಕೆಂದಿಲ್ಲ, ಅಲ್ಲಗಳೆಯುತ್ತ ಕೂರಬೇಕಾಗಿಯೂ ಇಲ್ಲ. ತಪ್ಪು ಹೆಚ್ಚಾಗಿ ಅಡಗಿರುವುದು ಎರಡನೆಯ ಬಗೆಯಲ್ಲಿ, ಅಂದರೆ ಸಂಗತಿ ಸರಿಯಿದ್ದು ತೀರ್ಮಾನ ಜಾರಿದ ಕಡೆ. ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರಗಳಿವೆ ಎಂಬುದು ಸರಿ. ಆದರೆ ಆ 18ರ ಮತಗಳನ್ನು ಕೂಡಿಸಿ ಬೆಳಗಾವಿ ಮತ್ತು ಚಿಕ್ಕೋಡಿ ಲೋಕಸಭಾ ಫಲಿತಾಂಶವನ್ನು ವಿವರಿಸುವ ಲೇಖನ ಬುಡದಲ್ಲೇ ತಪ್ಪಿದೆ. ಏಕೆಂದರೆ ಆ ಎರಡು ಲೋಕಸಭಾ ಕ್ಷೇತ್ರಗಳಿಗೆ ಎಂಟೆಂಟು ವಿಧಾನಸಭಾ ಕ್ಷೇತ್ರಗಳು ಸೇರಿದ್ದು, ಉಳಿದ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ. ಬಾಗಲಕೋಟೆಯಲ್ಲಿ ಇದು ತಿರುವುಮುರುವು: ಜಿಲ್ಲೆಯ ಏಳು ಕ್ಷೇತ್ರಗಳ ಜೊತೆಗೆ ಗದಗ ಜಿಲ್ಲೆಯ ನರಗುಂದವೂ ಆ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಜಿಲ್ಲೆ ಮತ್ತು ಕ್ಷೇತ್ರದ ಗಡಿಗಳು ಒಂದೇ ಎಂದು ಲೇಖಕರು ಊಹಿಸಿಕೊಂಡಿದ್ದಾರೆಯೇ ಎಂಬುದನ್ನು ನಮ್ಮ ಭಾಗದ ಯಾವುದೇ ಚುನಾವಣಾ ಬರಹದಲ್ಲಿ ಮೊದಲು ನೋಡಬೇಕು.

ಹಳೆಯ ಕಾಲದೊಡನೆ ಹೋಲಿಸುವ ಬರಹಗಳಲ್ಲಿ ಇನ್ನೆರಡು ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕು. ಬಾಗಲಕೋಟೆ ಜಿಲ್ಲೆ ಬಿಜಾಪುರದಿಂದ ಬೇರ್ಪಟ್ಟದ್ದು 1997ರಲ್ಲಿ; ಆದ್ದರಿಂದ ಅದಕ್ಕೂ ಹಿಂದಿನ ಬಿಜಾಪುರದ ಅಂಕಿಗಳನ್ನು ಇಂದಿನ ವಿಜಯಪುರದ ಅಂಕಿಗಳ ಪಕ್ಕದಲ್ಲಿಟ್ಟು ಏರಿಳಿತ ತೋರಿಸಿದರೆ ಅದಕ್ಕೆ ಅರ್ಥವಿಲ್ಲ. ಕ್ಷೇತ್ರ ಪುನರ್ವಿಂಗಡಣೆಯ ನಂತರದ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 2008ರಲ್ಲಿ. ತೇರದಾಳ, ಬಬಲೇಶ್ವರ, ಯಮಕನಮರಡಿಯಂಥ ಹೊಸ ಕ್ಷೇತ್ರಗಳು ಕಾಣಿಸಿಕೊಂಡದ್ದು ಆಗ. ಹಳೆಯ ಹೆಸರನ್ನೇ ಉಳಿಸಿಕೊಂಡ ಕ್ಷೇತ್ರದ ಎಲ್ಲೆಯೂ ಬದಲಾಗಿರಬಹುದಾದ್ದರಿಂದ, "ಐವತ್ತು ವರ್ಷಗಳ ಭದ್ರಕೋಟೆ" ಎಂಬಂಥ ಮಾತು ಬಂದ ಕಡೆ ಗುರುತು ಹಾಕಿ ಮುಂದೆ ಸಾಗಬೇಕು. ಇಲ್ಲಿ ಒಂದು ಸಣ್ಣ ಸೂಚನೆ: ಊರುಗಳ ಹೆಸರು 2014ರ ನವೆಂಬರ್ 1ರಿಂದ ಬೆಳಗಾವಿ, ವಿಜಯಪುರ ಎಂದಾಗಿದ್ದರೂ ಚುನಾವಣಾ ಆಯೋಗದ ದಾಖಲೆಗಳಲ್ಲಿ ಕ್ಷೇತ್ರಗಳನ್ನು ಬೆಳಗಾಂ, ಬಿಜಾಪುರ ಎಂಬ ಹೆಸರಿನಲ್ಲೇ ಹುಡುಕಬೇಕಾಗುತ್ತದೆ.

ಅಂಕಿಯ ಜೊತೆಗಿನ ಷರತ್ತು

ಅಂಕಿಗಳು ಬಂದಾಗ ಅಂಕಿ ಸರಿಯೇ ಎಂದಷ್ಟೇ ಕೇಳಿದರೆ ಸಾಲದು, ಅದು ಯಾವುದರ ಅಂಕಿ ಎಂದು ಕೇಳಬೇಕು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರು ಹಂಚಿತು. ಈ ಅಂಕಿ ಎಷ್ಟು ಪ್ರಸಿದ್ಧವೆಂದರೆ ಮಲಪ್ರಭೆಗೆ ಬರಬೇಕಾದ ನೀರೇ 13.42 ಟಿಎಂಸಿ ಎಂದು ನಂಬಿ ಬರೆಯುವವರು ಇಂದಿಗೂ ಸಿಗುತ್ತಾರೆ. ತೀರ್ಪನ್ನು ಬಿಡಿಸಿ ನೋಡಿದರೆ ಅದರಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ ಮೀಸಲು, 1.5 ಟಿಎಂಸಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ, ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಹೀಗೆ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಒಂದೇ ತೀರ್ಪನ್ನು ಆಧರಿಸಿ ಒಬ್ಬ ಲೇಖಕರು "ಭಾರಿ ಗೆಲುವು" ಎಂದೂ ಇನ್ನೊಬ್ಬರು "ಕೈಗೆ ಸಿಕ್ಕಿದ್ದು ಅಲ್ಪ" ಎಂದೂ ಬರೆಯಬಹುದು; ಎರಡೂ ಅಭಿಪ್ರಾಯಗಳಿಗೆ ಹಕ್ಕಿದೆ. ಆದರೆ ಈ ವಿಭಜನೆಯನ್ನು ಓದುಗನಿಗೆ ತೋರಿಸದೆ ಬರೆದವರಿಗೆ ವಿಮರ್ಶೆಯಲ್ಲಿ ಅಂಕ ಕಡಿಮೆಯಾಗಲೇಬೇಕು.

ಕಬ್ಬಿನ ಲೇಖನಗಳಿಗೆ ಇದೇ ಕ್ರಮ ಅನ್ವಯವಾಗುತ್ತದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ, ಕ್ವಿಂಟಲಿಗೆ 355 ರೂಪಾಯಿ. "ಸರ್ಕಾರ ಟನ್ನಿಗೆ 3,550 ಕೊಡಿ ಎಂದಿದೆ, ಕಾರ್ಖಾನೆಯವರು ಕೊಡುತ್ತಿಲ್ಲ" ಎಂದು ಬರೆದರೆ ಅರ್ಧ ಸಂಗತಿಯಷ್ಟೇ ಹೇಳಿದಂತಾಯಿತು. ಆ ದರ 10.25 ಶೇಕಡಾ ಸಕ್ಕರೆ ಇಳುವರಿಗೆ ಹೊಂದಿಕೊಂಡದ್ದು. ಇಳುವರಿ ಇಳಿದಂತೆ ದರವೂ ಇಳಿದು 9.5 ಶೇಕಡಾ ಹಂತದಲ್ಲಿ ನಿಲ್ಲುತ್ತದೆ. ಅದು ಕಾರ್ಖಾನೆಯ ಬಾಗಿಲಿಗೆ ಬಂದ ಕಬ್ಬಿನ ದರವಾದ್ದರಿಂದ ಕಟಾವು ಮತ್ತು ಸಾಗಾಣಿಕೆಯ ವೆಚ್ಚ ರೈತನ ಲೆಕ್ಕದಿಂದ ಕಳೆಯುತ್ತದೆ. ಇದಕ್ಕೆ ಪ್ರತಿಯಾಗಿ, ಕಾರ್ಖಾನೆಯವರ ಪರವಾಗಿ ಬರೆದ ಲೇಖನ ಇಳುವರಿಯನ್ನು ಅಳೆಯುವವರು ಯಾರು, ತೂಕವನ್ನು ನೋಡುವವರು ಯಾರು ಎಂಬ ರೈತರ ಹಳೆಯ ಪ್ರಶ್ನೆಗಳನ್ನು ಮುಟ್ಟದೆ ಜಾರಿಕೊಂಡಿದೆಯೇ ಎಂದೂ ನೋಡಬೇಕು. ನಮ್ಮ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗೂ ರಾಜಕೀಯ ಮುಖಂಡತ್ವಕ್ಕೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಕಬ್ಬಿನ ದರದ ಲೇಖನದ ಪಕ್ಕದಲ್ಲೇ ಯಾವುದಾದರೂ ಕಾರ್ಖಾನೆಯ ಹಬ್ಬದ ಶುಭಾಶಯ ರಾರಾಜಿಸುತ್ತಿದ್ದರೆ ಅದನ್ನು ಟಿಪ್ಪಣಿಯಲ್ಲಿ ದಾಖಲಿಸುವುದು ತಪ್ಪಲ್ಲ, ಚಾಡಿಯೂ ಅಲ್ಲ.

ಆಲಮಟ್ಟಿಯ ವಿಷಯದಲ್ಲಿ ಕಾಲವನ್ನು ಪರೀಕ್ಷಿಸಬೇಕು. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲೇ ಅನುಮತಿಸಿತು. ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಆ ತೀರ್ಪು ರಾಜಪತ್ರದಲ್ಲಿ ಪ್ರಕಟವಾಗದೆ ವರ್ಷಗಟ್ಟಲೆ ಉಳಿಯಿತು. ತೀರ್ಪು ಬಂದದ್ದು, ರಾಜಪತ್ರದಲ್ಲಿ ಬರುವುದು, ಮುಳುಗಡೆಯಾಗುವ ಭೂಮಿಗೆ ಪರಿಹಾರ ನಿಗದಿಯಾಗುವುದು, ಗೇಟು ಏರುವುದು, ಇವು ಬೇರೆ ಬೇರೆ ಹಂತಗಳು. ಇವನ್ನು ಒಂದೇ ವಾಕ್ಯದಲ್ಲಿ ಕಲಸಿ "ಎತ್ತರ ಏರಿಸಿಯಾಯಿತು" ಎಂಬ ಭಾವನೆ ಹುಟ್ಟಿಸುವ ಬರಹ ಪರಿಹಾರಕ್ಕಾಗಿ ಕಾದು ಕುಳಿತ ಬಾಗಲಕೋಟೆಯ ಸಂತ್ರಸ್ತರಿಗೆ ನೇರವಾಗಿ ಕೆಡುಕು ಮಾಡುತ್ತದೆ.

ಗಡಿ ವಿಷಯದಲ್ಲಿ ನಮ್ಮ ಕಡೆಯ ಬರಹವನ್ನೇ ಹೆಚ್ಚು ಬಿಗಿಯಾಗಿ ಓದಬೇಕು. ಕನ್ನಡದಲ್ಲಿ "ಮಹಾಜನ ವರದಿಯೇ ಅಂತಿಮ" ಎಂದು ಬರೆಯುವವರು ಬಹಳ ಮಂದಿ. ಗಡಿ ತಕರಾರನ್ನು ಪರಿಶೀಲಿಸಲು 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲೇ ಉಳಿಯಬೇಕೆಂದಿತು, ಮಹಾರಾಷ್ಟ್ರದ ಜತ್ತ ಮತ್ತು ಅಕ್ಕಲಕೋಟೆಯ ಕಡೆಯ ಹಳ್ಳಿಗಳು ಇತ್ತ ಬರಬೇಕೆಂದಿತು. ಅದರ ಜೊತೆಗೆ ನಿಪ್ಪಾಣಿಯೂ ಖಾನಾಪುರದ ಕಡೆಯ ಅನೇಕ ಹಳ್ಳಿಗಳೂ ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಹೇಳಿತು. ಈ ಕೊನೆಯ ಭಾಗವನ್ನು ಬಿಟ್ಟು ಬರೆದ ಲೇಖನ ನಮಗೆ ಎಷ್ಟೇ ಹಿತವಾಗಿದ್ದರೂ ಅಪೂರ್ಣ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದನ್ನು ಪ್ರಸ್ತಾಪಿಸುವಾಗ ಮೊಕದ್ದಮೆ ಹೂಡಿದ್ದನ್ನೂ ತೀರ್ಪು ಸಿಕ್ಕಿದ್ದನ್ನೂ ಒಂದೇ ಎಂಬಂತೆ ಬರೆದ ಮರಾಠಿ ಲೇಖನಗಳಿಗೂ ಇದೇ ಅಳತೆ. ಬೆಳಗಾವಿಯ ಓದುಗರಲ್ಲಿ ಬಹಳ ಜನರಿಗೆ ಎರಡೂ ಭಾಷೆ ಬರುವುದರಿಂದ, ಗಡಿಯ ಬಗೆಗಿನ ಒಂದು ಕನ್ನಡ ಬರಹವನ್ನು ವಿಮರ್ಶಿಸುವ ಮುನ್ನ ಅದೇ ವಾರದ ಒಂದು ಮರಾಠಿ ಬರಹವನ್ನು ಓದುವುದು ಕಷ್ಟವಾಗದು.

ಆಧಾರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಭ್ಯರ್ಥಿಯ ಆಸ್ತಿ, ಸಾಲ, ಮೊಕದ್ದಮೆಗಳ ಮಾತು ಬಂದರೆ ನಮೂನೆ 26ರ ಅಫಿಡವಿಟ್ಟನ್ನೂ, ಯಾವ ಊರು ಯಾರಿಗೆ ಮತ ಕೊಟ್ಟಿತೆಂಬ ಮಾತು ಬಂದರೆ ಮತಗಟ್ಟೆವಾರು ಲೆಕ್ಕವಿರುವ ನಮೂನೆ 20ನ್ನೂ ತೆರೆದು ನೋಡಬೇಕು. ಎರಡೂ ಸಾರ್ವಜನಿಕ ದಾಖಲೆಗಳು. "ಬಲ್ಲ ಮೂಲಗಳ ಪ್ರಕಾರ" ಎಂಬ ಮಾತು ಒಮ್ಮೆ ಬಂದರೆ ಸಹಿಸಬಹುದು. ಲೇಖನದ ಮುಖ್ಯ ಆರೋಪವೇ ಅದರ ಮೇಲೆ ನಿಂತಿದ್ದರೆ ಆ ಲೇಖನವನ್ನು ವದಂತಿಯೆಂದೇ ಪರಿಗಣಿಸಬೇಕು.

ಕಣ್ಣು ಮೊದಲು ಓದುವುದನ್ನು ಪರೀಕ್ಷಿಸುವುದು

ಓದುಗ ಮೊದಲ ವಾಕ್ಯಕ್ಕೆ ಬರುವ ಮೊದಲೇ ಬಣ್ಣ, ಚಿತ್ರ, ಶೀರ್ಷಿಕೆಯ ಗಾತ್ರ ಅವನಿಗೆ ಒಂದು ಅಭಿಪ್ರಾಯವನ್ನು ಕೊಟ್ಟಿರುತ್ತವೆ. ಆದ್ದರಿಂದ ವಿನ್ಯಾಸವೂ ವಾದದ ಭಾಗವೇ. ಅದನ್ನು ದೊಡ್ಡ ಕಂಪ್ಯೂಟರಿನಲ್ಲಿ ನೋಡಿ ತೀರ್ಪು ಕೊಡಬಾರದು. ಜಮಖಂಡಿಯ ಬಸ್ಸಿನಲ್ಲೋ ಸಿಂದಗಿಯ ಸಂತೆಯಲ್ಲೋ ಓದುವವರ ಕೈಯಲ್ಲಿರುವಂಥ ಸಾಧಾರಣ ಮೊಬೈಲಿನಲ್ಲಿ, ಬಿಸಿಲಿನಲ್ಲಿ, ನೆಟ್‌ವರ್ಕ್ ಕ್ಷೀಣವಾಗಿರುವ ಕಡೆ ತೆರೆದು ನೋಡಬೇಕು.

ಮೊದಲ ಪರೀಕ್ಷೆ ಕನ್ನಡ ಅಕ್ಷರದ್ದು. ಇಂಗ್ಲಿಷಿಗೆಂದು ರೂಪಿಸಿದ ಅಚ್ಚಿನಲ್ಲಿ ಕನ್ನಡವನ್ನು ತುಂಬಿದಾಗ ಸಾಲುಗಳ ನಡುವಿನ ಅಂತರ ಸಾಲದೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಶೀರ್ಷಿಕೆಗಳಲ್ಲಂತೂ ಒತ್ತು ಕತ್ತರಿಸಿಯೇ ಹೋಗುತ್ತದೆ. ಒತ್ತಕ್ಷರಗಳು ಇಡಿಯಾಗಿ ಕಾಣುತ್ತವೆಯೇ, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೆ ಸಾಲು ಪರದೆಯ ಆಚೆ ಓಡುತ್ತದೆಯೇ, ಹಿನ್ನೆಲೆಗೂ ಅಕ್ಷರಕ್ಕೂ ಸಾಕಷ್ಟು ಬಣ್ಣದ ವ್ಯತ್ಯಾಸವಿದೆಯೇ ಎಂದು ನೋಡಬೇಕು. ಜಾಲಪುಟಗಳ ಅಂತರರಾಷ್ಟ್ರೀಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1ರ ಅನುಪಾತ ಕೇಳುತ್ತದೆ. ಅನಂತರ ಒಂದು ವಾಕ್ಯವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಬೇಕು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾಗಿ ಯುನಿಕೋಡಿಗೆ ಸರಿಯಾಗಿ ಬದಲಾಗದ ಪಠ್ಯ ಅಲ್ಲಿ ಗೀಚುಗಳಾಗಿ ಒಡೆಯುತ್ತದೆ. ಹಾಗಾದ ಬರಹವನ್ನು ಹುಡುಕಲಾಗದು, ಉಲ್ಲೇಖಿಸಲಾಗದು, ಕಣ್ಣು ಕಾಣದವರ ಫೋನು ಅದನ್ನು ಗಟ್ಟಿಯಾಗಿ ಓದಲಾರದು. ಇಡೀ ಲೇಖನವನ್ನು ಪೋಸ್ಟರಿನಂತೆ ಚಿತ್ರವಾಗಿ ಹಾಕಿದವರ ಕಥೆಯೂ ಇದೇ. ಇದು ಸೋಮಾರಿತನದಿಂದ ಆಗಿರಬಹುದು. ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಬಳಸುವವರೂ ಇಲ್ಲದಿಲ್ಲ.

ನಕ್ಷೆ, ಸ್ತಂಭಚಿತ್ರಗಳಿದ್ದರೆ ಅಲ್ಲಿ ನಿಧಾನಿಸಬೇಕು. ಬಾದಾಮಿಯಲ್ಲಿ 2018ರಲ್ಲಿ ಸಿದ್ದರಾಮಯ್ಯನವರಿಗೆ 67,599, ಬಿ. ಶ್ರೀರಾಮುಲು ಅವರಿಗೆ 65,903 ಮತಗಳು ಬಂದವು, ಅಂತರ 1,696. ಸ್ತಂಭಗಳನ್ನು ಸೊನ್ನೆಯಿಂದ ಎತ್ತಿದರೆ ಎರಡೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ, ಆ ಸ್ಪರ್ಧೆಯ ನಿಜವೂ ಅದೇ. ಅದೇ ಚಿತ್ರವನ್ನು 65,000ದಿಂದ ಆರಂಭಿಸಿದರೆ ಒಂದು ಸ್ತಂಭ ಇನ್ನೊಂದರ ಸುಮಾರು ಮೂರು ಪಟ್ಟು ಎತ್ತರವಾಗಿ, ಏಕಪಕ್ಷೀಯ ಗೆಲುವಿನಂತೆ ತೋರುತ್ತದೆ. ಒಂದು ಅಂಕಿಯೂ ಸುಳ್ಳಲ್ಲ. ಹೀಗಾಗಿ ಸ್ತಂಭ ಎಲ್ಲಿಂದ ಆರಂಭವಾಗಿದೆ ಎಂಬುದನ್ನು ನೋಡದೆ ಮುಂದೆ ಹೋಗಬಾರದು. ಗೆದ್ದ ಪಕ್ಷದ ಬಣ್ಣ ಬಳಿದ ಕ್ಷೇತ್ರ ನಕ್ಷೆಯಲ್ಲೂ ಇಂಥದೇ ತೊಡಕಿದೆ: ವಿಸ್ತಾರವಾದ ಗ್ರಾಮೀಣ ಕ್ಷೇತ್ರ ಕಣ್ಣನ್ನು ತುಂಬಿಕೊಂಡು, ಬೆಳಗಾವಿ ಉತ್ತರ, ದಕ್ಷಿಣದಂಥ ಒತ್ತೊತ್ತಾದ ನಗರ ಕ್ಷೇತ್ರಗಳು ಚುಕ್ಕೆಗಳಾಗಿಬಿಡುತ್ತವೆ.

ಛಾಯಾಚಿತ್ರಗಳಲ್ಲಿ ದಿನಾಂಕ, ಸ್ಥಳ, ತೆಗೆದವರ ಹೆಸರು ಇರಬೇಕು. 2019ರ ಆಗಸ್ಟ್‌ನ ಪ್ರವಾಹದ ಚಿತ್ರಗಳು ಪ್ರತಿ ಮಳೆಗಾಲವೂ ಹೊಸದೆಂಬಂತೆ ಮರಳಿ ಬರುತ್ತವೆ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಹಳೆಯ ಪ್ರಕಟಣೆ ಹೆಚ್ಚಿನ ಸಲ ಸಿಗುತ್ತದೆ. ಒಬ್ಬ ನಾಯಕನನ್ನು ಕೈಮುಗಿದು ನಗುವ ಭಂಗಿಯಲ್ಲೂ ಎದುರಾಳಿಯನ್ನು ಬಾಯಿ ತೆರೆದು ಕಿರುಚುವ ಭಂಗಿಯಲ್ಲೂ ಅಕ್ಕಪಕ್ಕ ಇಟ್ಟಿದ್ದರೆ ಅದು ಸಂಪಾದಕೀಯ ಆಯ್ಕೆ, ಹಾಗೆಂದೇ ಬರೆಯಬೇಕು. ಜಾಹೀರಾತು ಲೇಖನದ ವೇಷ ಹಾಕಿಕೊಂಡಿದೆಯೇ ಎಂಬುದೂ ವಿನ್ಯಾಸದ ಪ್ರಶ್ನೆ. ಚುನಾವಣಾ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ವಿಧಿಸುತ್ತದೆ. ಒಂದು ಪುಟದ ಕರಪತ್ರಕ್ಕೆ ಇರುವ ಈ ಹೊಣೆಯನ್ನು ದಿನವೂ ರಾಜಕೀಯ ಬರೆಯುವವರಿಂದ ನಿರೀಕ್ಷಿಸುವುದು ಅತಿಯಲ್ಲ: ಬರೆದವರು ಯಾರು, ನಡೆಸುವವರು ಯಾರು, ಹಣ ಎಲ್ಲಿಂದ ಬರುತ್ತದೆ ಎಂಬುದು ಎರಡು ಬಾರಿ ಒತ್ತುವುದರೊಳಗೆ ಸಿಗಬೇಕು.

ವಿಮರ್ಶೆಯನ್ನು ಬರೆಯುವಾಗ

ಬರೆಯಲು ಕೂರುವ ಮೊದಲು ಪುಟದ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಮತ್ತು ವೇಳೆಯನ್ನು ಗುರುತಿಸಿಟ್ಟುಕೊಳ್ಳಬೇಕು. ಟೀಕೆ ಬಂದ ಕೂಡಲೇ ಸದ್ದಿಲ್ಲದೆ ವಾಕ್ಯ ಬದಲಾಗುವುದು ಅಪರೂಪವೇನಲ್ಲ. ವಿಮರ್ಶೆಯ ಮೊದಲ ಪ್ಯಾರಾದಲ್ಲಿ ಲೇಖಕರ ವಾದವನ್ನು ಅವರೇ ಒಪ್ಪುವಷ್ಟು ನ್ಯಾಯವಾಗಿ ಸಂಗ್ರಹಿಸಬೇಕು. ಅನಂತರ ದೋಷಗಳನ್ನು ತೂಕಕ್ಕೆ ತಕ್ಕಂತೆ ಹೇಳಬೇಕೇ ಹೊರತು ಕಂಡ ಕ್ರಮದಲ್ಲಲ್ಲ. ಕಾಗುಣಿತದ ಹತ್ತು ತಪ್ಪುಗಳನ್ನು ಮೊದಲು ಎಣಿಸಿದರೆ ಮಹದಾಯಿಯ ಅಂಕಿಯನ್ನು ಕೆಡಿಸಿದ ಒಂದು ತಪ್ಪು ಅವುಗಳಡಿ ಹೂತುಹೋಗುತ್ತದೆ. ಪ್ರತಿ ದೋಷದ ಜೊತೆ ಲೇಖಕರ ವಾಕ್ಯವನ್ನು ಇದ್ದಂತೆ ಉದ್ಧರಿಸಿ, ಪಕ್ಕದಲ್ಲಿ ದಾಖಲೆಯನ್ನು ಇಡಬೇಕು. ವಿಮರ್ಶಕರಿಗೆ ಯಾವುದಾದರೂ ಪಕ್ಷ, ಸಂಘಟನೆ ಅಥವಾ ಕಾರ್ಖಾನೆಯೊಡನೆ ಸಂಬಂಧವಿದ್ದರೆ ಅದನ್ನು ಒಂದು ಸಾಲಿನಲ್ಲಿ ಮೊದಲೇ ತಿಳಿಸುವುದು ಒಳಿತು. ಗಂಭೀರ ತಪ್ಪು ಸಿಕ್ಕಾಗ ಪ್ರಕಟಿಸುವ ಮುನ್ನ ಲೇಖಕರಿಗೆ ಬರೆದು ಎರಡು ದಿನ ಕಾಯಬೇಕು. ಅವರ ಉತ್ತರವನ್ನು ಕತ್ತರಿಸದೆ ಸೇರಿಸಬೇಕು, ಉತ್ತರ ಬಾರದಿದ್ದರೆ ಅದನ್ನೂ ಹೇಳಬೇಕು. ಪ್ರಕಟವಾದ ಒಂದೆರಡು ವಾರಗಳ ಮೇಲೆ ಮೂಲ ಬರಹವನ್ನು ಮತ್ತೆ ತೆರೆದು, ತಿದ್ದುಪಡಿ ಆಗಿದೆಯೇ, ಆಗಿದ್ದರೆ ಎಲ್ಲಿ ಏನು ತಿದ್ದಲಾಗಿದೆ ಎಂಬುದನ್ನು ಲೇಖಕರು ಓದುಗರಿಗೆ ತಿಳಿಸಿದ್ದಾರೆಯೇ ಎಂದು ನೋಡಿ, ದಿನಾಂಕದೊಡನೆ ಆ ಮಾತನ್ನು ವಿಮರ್ಶೆಯ ಕೆಳಗೆ ಸೇರಿಸಬೇಕು.