ಕಲಬುರಗಿ ನಾಯಿಗಿ ಸಮುದ್ರದ ದಂಡಿ ತಿರುಗಿಸೋದು ಹೆಂಗ?

ನಮ್ ಕರಿಯ ಮುಧೋಳ ನಾಯಿ. ಹುಟ್ಟಿದಾಗಿಂದ ಅದು ನೋಡಿದ ದೊಡ್ಡ ನೀರಂದ್ರ ನಮ್ಮೂರಿನ ಅಪ್ಪನ ಕೆರಿ ಒಂದೇ. ಹೋದ ಡಿಸೆಂಬರ್‌ದಾಗ ಗೋಕರ್ಣಕ್ಕ ಕರ್ಕೊಂಡು ಹೋದ್ವಿ, ಕುಡ್ಲೆ ಬೀಚಿಗಿ ಇಳಿದಿದ್ದೇ ತಡ, ಇದೂ ಕೆರಿ ಅನ್ಕೊಂಡು ಗಟಗಟ ಕುಡೀತು ನೋಡ್ರಿ, ಆಮ್ಯಾಲ ಮಾರಿ ಕಿವುಚ್ಕೊಂಡು ನನ್ ಕಡಿ ನೋಡ್ತು, ಉಪ್ಪು ನಾನೇ ಹಾಕೀನೇನೋ ಅನ್ನಂಗ. ರಾತ್ರಿಯೆಲ್ಲ ಭೇದಿ, ರೂಮಿನ ಫರ್ಶಿ ತೊಳದೂ ತೊಳದೂ ಸಾಕಾಯ್ತು. ಉಪ್ಪುನೀರು ಜಾಸ್ತಿ ಹೋದ್ರ ಬರೇ ಭೇದಿ ಅಲ್ಲ, ಜೀವಕ್ಕೇ ಕುತ್ತು. ಹಂಗಾಗಿ ದಂಡಿಗಿ ಇಳಿಯೋಕಿಂತ ಮೊದ್ಲು ಹೊಟ್ಟಿತುಂಬ ಸಿಹಿನೀರು ಕುಡಿಸ್ರಿ, ಕೈಯಾಗ ಬಾಟ್ಲಿ ಇರ್ಲಿ, ಹದಿನೈದು ನಿಮಿಷಕ್ಕೊಮ್ಮೆ ಕೊಡ್ರಿ.

ತಯಾರಿ ಮನಿಯಿಂದಾನೇ ಶುರು. ರೇಬೀಸ್ ಇಂಜೆಕ್ಷನ್ ಇರ್ಲೇಬೇಕು, ಇಲಿಜ್ವರದ ಲಸಿಕಿನೂ ಹಾಕಿಸ್ರಿ, ಕಾರ್ಡ್ ಜೊತಿಗಿ ಒಯ್ರಿ. ಒಂದು ತಿಂಗಳು ಮುಂಜಾನಿ ಕೆರಿ ದಂಡಿಗಿ ಉದ್ದನ ಹಗ್ಗ ಹಾಕಿ ತಿರುಗಿಸ್ರಿ, "ಬಾ" ಅಂದ್ರ ವಾಪಸ್ ಬರೋದು ಕಲೀಬೇಕು. ಮುಧೋಳ ಅಂತೂ ಕಣ್ಣಿಗಿ ಬಿದ್ದಿದ್ರ ಬೆನ್ನಹತ್ತಿ ಓಡೋ ಜಾತಿ, ಏಡಿ ಸರಿದ್ರೂ ಸಾಕು, ಹಗ್ಗ ಬಿಟ್ರೋ ನೀವು ಉಸುಕಿನ್ಯಾಗ, ಅದು ಮುಂದಿನ ಬೀಚಿನ್ಯಾಗ.

ರೈಲಿನ್ಯಾಗ ನಾಯಿ ನಮ್ ಜೊತಿ ಕೂಡ್ಬೇಕಂದ್ರ ಫಸ್ಟ್ ಕ್ಲಾಸಿನ ಕೂಪೆ (ಇಬ್ಬರ ಖೋಲಿ) ಇಲ್ಲಾ ಕ್ಯಾಬಿನ್ (ನಾಲ್ವರ ಖೋಲಿ) ಪೂರ್ತಿ ನಮ್ದೇ ಆಗ್ಬೇಕು, ಸ್ಲೀಪರ್‌ದಾಗ ಬಿಡಂಗಿಲ್ಲ. ನಾವು ಕಾರಿನ್ಯಾಗೇ ಹೋದ್ವಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, 500 ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿದಾಗ ವಸ್ತಿ ಮಾಡ್ರಿ. ಅರಬೈಲ್ ಘಾಟಿನ ತಿರುವು ಬರೋಕ ಮೂರು ತಾಸು ಮೊದ್ಲೇ ತಿನ್ನಿಸೋದು ಬಂದ್ ಮಾಡ್ರಿ, ಇಲ್ಲಾಂದ್ರ ಸೀಟಿನ ಮ್ಯಾಲೇ ವಾಂತಿ.

ಈಗ ಮುಖ್ಯ ಮಾತು, ಟೈಮು. ಸಮುದ್ರ ಸುಮಾರು ಆರು ತಾಸು ಏರ್ತದ, ಆರು ತಾಸು ಇಳೀತದ, ದಿನಾ ಸುಮಾರು 50 ನಿಮಿಷ ತಡ ಆಗ್ತದ, ಅಂದ್ರ ನಿನ್ನಿ ಏಳಕ್ಕ ಇಳಿದಿದ್ರ ಇವತ್ತು ಎಂಟರ ಹತ್ರ. ಅಮಾಸಿ, ಹುಣ್ಣಿಮಿಗಿ ಏರಿಳಿತ ಜೋರು. ಮೊಬೈಲಿನ್ಯಾಗ ಚಾರ್ಟ್ ಸಿಗ್ತದ ಖರೆ, ಆದ್ರ ಬಲಿ ಬಿಚ್ಚಕೋತ ಕುಂತ ಮೀನುಗಾರರಿಗಿ ಕೇಳಿದ್ರ ನೀರು ನೋಡೇ ಹೇಳ್ತಾರ. ಪೂರ್ತಿ ಇಳಿಯೋಕ ಎರಡು ತಾಸು ಮುಂಚೆ ಹೊರಡ್ರಿ, ಹಸಿ ಉಸುಕು ಫರ್ಶಿಯಂಗ ಗಟ್ಟಿ ಇರ್ತದ, ನಾಯಿ ಕಾಲು ಹೂಳಂಗಿಲ್ಲ. ಓಂ ಬೀಚಿನ ಬಂಡಿಗಲ್ಲಿನ ಆಚಿ ಕಡಿ ಹೋಗೋರು ಹೊಳ್ಳಿ ಬರೋ ಲೆಕ್ಕಾನೂ ಇಟ್ಕೋರಿ, ನೀರು ಏರಿದ್ರ ದಾರಿ ಇರಂಗಿಲ್ಲ. ಜೂನ್‌ದಿಂದ ಸೆಪ್ಟೆಂಬರ್ ತನಕ ಅಂತೂ ಹೋಗಲೇಬ್ಯಾಡ್ರಿ.

ನಮ್ ಬಿಸಿಲು ತಡಕೊಂಡ ನಾಯಿಗಿ ಅಲ್ಲಿ ಬಿಸಿಲ್ಯಾವ ಲೆಕ್ಕ ಅಂತ ನಾನೂ ಅಂದ್ಕೊಂಡಿದ್ದೆ, ತಪ್ಪು. ನಾಯಿ ನಾಲಿಗಿ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋತದ, ಗಾಳಿಯಾಗ ತೇವ ತುಂಬಿದ್ರ ನಾಲಿಗಿ ತೇವ ಆರಂಗಿಲ್ಲ, ಮೈ ತಣೀಯಂಗಿಲ್ಲ. ಕಲಬುರಗಿ 40 ಡಿಗ್ರಿದಾಗ ಆರಾಮ ಮಲಗೋ ಕರಿಯ ಅಲ್ಲಿ 32ಕ್ಕೇ ಸುಸ್ತು. ಅಂಗೈ ಹಿಂಬದಿ ಉಸುಕಿನ ಮ್ಯಾಲ ಏಳು ಸೆಕೆಂಡ್ ಇಡಾಕ ಆಗ್ಲಿಲ್ಲಂದ್ರ ವಾಪಸ್ ನಡೀರಿ.

ದಂಡಿಗಿ ಬಿದ್ದಿದ್ದು ಏನೂ ಮೂಸಾಕ ಬಿಡ್ಬ್ಯಾಡ್ರಿ. ಬಲಿಯಿಂದ ಎಸೆದ ಉಬ್ಬಿದ ಹೊಟ್ಟಿಯ ಪಫರ್ ಮೀನು ಪಕ್ಕಾ ವಿಷ, ಜೆಲ್ಲಿಮೀನು ಸತ್ರೂ ಚುಚ್ತದ, ಗಾಳದ ಮುಳ್ಳು ಬ್ಯಾರೆ. ಚಳಿಗಾಲದಾಗ ಉತ್ತರ ಕನ್ನಡದ ದಂಡಿಗಿ ಆಲಿವ್ ರಿಡ್ಲಿ ಆಮಿ ಮೊಟ್ಟಿ ಇಡ್ತಾವ, ಬೇಲಿ ಕಟ್ಟಿದ್ದು ಕಂಡ್ರ ದೂರದಿಂದಾನೇ ಸುತ್ತಿ ಹೋಗ್ರಿ. ಒಣಹಾಕಿದ ಮೀನಿಗಿ ಬಾಯಿ ಹಾಕ್ಸಿದ್ರ ಬೈಸ್ಕೋತೀರಿ, ಬೈದ್ರ ತಪ್ಪೂ ಇಲ್ಲ.

ಹೊಳ್ಳಿ ಬಂದ ಮ್ಯಾಲ ಸಿಹಿನೀರಿಲೆ ಪೂರ್ತಿ ತೊಳೀರಿ, ಬೆರಳ ಸಂದಿ ಬಿಡಿಸಿ ನೋಡ್ರಿ, ಉಪ್ಪು ಉಳಿದ್ರ ರಾತ್ರಿಯೆಲ್ಲ ನೆಕ್ಕೋತ ಕೂಡ್ತದ. ಕಿವಿ ಅರಿವಿಲೆ ಒರಸ್ರಿ.

ಊರಿಗಿ ಬಂದು ಕೆರಿಗಿ ಒಯ್ದೆ, ಕರಿಯ ನಾಲಿಗಿ ತುದಿ ಅಷ್ಟೇ ಹಚ್ಚಿ ನೋಡಿ ನನ್ ಕಡಿ ತಿರುಗ್ತು.