ಜೈಲಿನ ಬದಲು ಪ್ರೊಬೇಷನ್ ಸಿಕ್ಕರೆ ಮುಂದೇನು ಮಾಡಬೇಕು?

ಕಲಬುರಗಿ ಕೋರ್ಟಿನ ಆವರಣದಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಬಿಟ್ಟುಬಿಟ್ರು, ಕೇಸ್ ಮುಗೀತು.' ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಡುಗಡೆಯಾದವರೂ ಹೀಗೇ ಅಂದುಕೊಂಡು ಮನೆಗೆ ಹೋಗುತ್ತಾರೆ. ಕೇಸ್ ಮುಗಿದಿರುವುದಿಲ್ಲ. ಶಿಕ್ಷೆಯನ್ನು ಪಕ್ಕಕ್ಕೆ ಇಟ್ಟಿರುತ್ತಾರೆ, ಅಷ್ಟೇ.

ಜೇವರ್ಗಿ ಕಡೆಯ ಒಬ್ಬ ಹುಡುಗನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊಲದ ಬದುವಿನ ಜಗಳದಲ್ಲಿ ಕಾಕಾನ ಮಗನಿಗೆ ಬಡಿಗೆಯಿಂದ ಹೊಡೆದಿದ್ದ. ಅಪರಾಧ ಸಾಬೀತಾಯಿತು. ಹಿಂದೆ ಯಾವ ಕೇಸೂ ಇರಲಿಲ್ಲವಾದ್ದರಿಂದ ಎರಡು ವರ್ಷದ ಪ್ರೊಬೇಷನ್ ಸಿಕ್ಕಿತು. ತೊಗರಿ ರಾಶಿ ಮುಗಿದ ಮೇಲೆ ಎಲ್ಲರ ಜೊತೆ ಅವನೂ ಗುಳೆ ಹೊರಟ, ಪುಣೆ ಗಾಡಿ ಹತ್ತಿದ. ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳಿಗೆ ಊರಿಗೆ ವಾರಂಟ್ ಬಂತು. ಅವನು ಹೊಸದಾಗಿ ಯಾವ ತಪ್ಪೂ ಮಾಡಿರಲಿಲ್ಲ. ಹೇಳದೆ ಹೋಗಿದ್ದ, ಅದೇ ತಪ್ಪಾಯಿತು. ನಮ್ಮ ಭಾಗದಲ್ಲಿ ಇದು ಯಾರಿಗೆ ಬೇಕಾದರೂ ಆಗಬಹುದು. ಅದಕ್ಕೇ ಈ ಲೇಖನ.

ಯಾರಿಗೆ ಸಿಗುತ್ತದೆ

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದಕ್ಕೆ ಆಧಾರ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧ ಆಗಿರಬಾರದು. ಗಾಂಜಾದಂಥ ಮಾದಕ ವಸ್ತುವಿನ ಬಹುತೇಕ ಕೇಸುಗಳಲ್ಲಿ ದೊಡ್ಡವರಿಗೆ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ 18 ದಾಟಿದವರಿಗೂ ಇಲ್ಲ. ಅಡ್ಡಾದಿಡ್ಡಿ ಗಾಡಿ ಓಡಿಸಿ ಜೀವ ತೆಗೆದವರಿಗೆ ಈ ರಿಯಾಯಿತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಉಳಿದ ಕೇಸುಗಳಲ್ಲಿ ನ್ಯಾಯಾಧೀಶರು ಅಪರಾಧ ಎಂಥದ್ದು, ಮನುಷ್ಯ ಎಂಥವನು ಎಂದು ನೋಡಿ ತೀರ್ಮಾನಿಸುತ್ತಾರೆ.

21 ವರ್ಷ ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಮೃದು. ಅವರನ್ನು ಜೈಲಿಗೆ ಕಳಿಸುವ ಮೊದಲು ಕೋರ್ಟು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿ ತರಿಸಿಕೊಳ್ಳಲೇಬೇಕು. ಜೈಲೇ ಬೇಕು ಅನ್ನಿಸಿದರೆ ಕಾರಣ ಬರೆಯಬೇಕು. ಮನೆಯಲ್ಲಿ ಅಂಥ ಹುಡುಗರಿದ್ದರೆ ವಕೀಲರಿಗೆ ವಯಸ್ಸಿನ ದಾಖಲೆ ಮೊದಲೇ ಕೊಡಿ. ವಕೀಲರನ್ನು ಇಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಅಧಿಕಾರಿ ಮನೆಗೆ ಬಂದಾಗ

ಶಿಕ್ಷೆ ತೀರ್ಮಾನಿಸುವ ಮೊದಲು ಕೋರ್ಟು ಕೇಳಿದರೆ ಪರಿವೀಕ್ಷಣಾಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ. ಅವರು ಪೊಲೀಸರಲ್ಲ. ಹುಡುಗನ ಊರಿಗೆ ಬಂದವರು ಬಸ್ಸಿಳಿದು, ದಾರಿ ಕೇಳಿಕೊಂಡು, ಕೈಯಲ್ಲೊಂದು ಫೈಲ್ ಹಿಡಿದು ಬಂದರು. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತರು. ರೊಟ್ಟಿ ಬಡಿಯುತ್ತಿದ್ದ ತಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

'ಯವ್ವಾ, ಮಗ ಮನ್ಯಾಗ ಹ್ಯಾಂಗ ಇರ್ತಾನ?'

'ಸಿಟ್ಟು ಜಾಸ್ತಿ ಅದ ಸಾಹೇಬ್ರ. ಖರೆ, ದುಡಿಲಾಕ ಹಿಂದ ಬೀಳಂಗಿಲ್ರಿ.'

ಮಗನ ಸಿಟ್ಟನ್ನು ಮುಚ್ಚಿಡದ ಆ ತಾಯಿಯ ಮಾತಿನಿಂದ ಮಗನಿಗೆ ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. 'ನನ್ನ ಮಗ ದೇವರಂಥವನು' ಎಂದಿದ್ದರೆ ಅಧಿಕಾರಿ ಪಕ್ಕದ ಮನೆಯಲ್ಲಿ ಕೇಳುತ್ತಿದ್ದರು, ಅಲ್ವಾ? ಊರಿನ ದೊಡ್ಡವರಿಂದ ಶಿಫಾರಸು ಮಾಡಿಸಲು ಓಡಾಡಬೇಡಿ. ಮನೆಯಲ್ಲಿ ಯಾರಿದ್ದಾರೆ, ದುಡಿಮೆ ಏನು, ಸಾಲ ಎಷ್ಟು, ಕುಡಿತ ಇದೆಯೇ, ಇದ್ದದ್ದನ್ನು ಇದ್ದಂತೆ ಹೇಳಿ. ಗುಳೆ ಹೋಗುವ ರೂಢಿ ಇದ್ದರೆ ಅದನ್ನಂತೂ ಮರೆಯದೆ ಹೇಳಿ. ವರದಿ ಗೋಪ್ಯವಾಗಿರುತ್ತದೆ. ಆದರೂ ಅದರ ಸಾರವನ್ನು ಕೋರ್ಟು ನಿಮಗೆ ತಿಳಿಸಿ, ಉತ್ತರಿಸಲು ಅವಕಾಶ ಕೊಡಬಹುದು.

ಸಹಿ ಹಾಕುವ ಮೊದಲು

ಪ್ರೊಬೇಷನ್ ಕೊಟ್ಟರೆ ಮುಚ್ಚಳಿಕೆ ಬರೆದುಕೊಡಬೇಕು. ಅದರ ತಿರುಳು ಇಷ್ಟು: ಕರೆದಾಗ ಬಂದು ಶಿಕ್ಷೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಶಾಂತಿಯಿಂದ, ಒಳ್ಳೆಯ ನಡತೆಯಿಂದ ಇರುತ್ತೇನೆ. ಅವಧಿ 3 ವರ್ಷ ಮೀರುವಂತಿಲ್ಲ. ಜಾಮೀನುದಾರರು ಬೇಕೋ ಬೇಡವೋ ಕೋರ್ಟು ಹೇಳುತ್ತದೆ. ನಿಮಗಾಗಲಿ ಜಾಮೀನುದಾರರಿಗಾಗಲಿ ಒಂದು ಕಾಯಂ ವಾಸದ ಜಾಗ ಅಥವಾ ಕೆಲಸ ಇರಲೇಬೇಕು.

ಇದರ ಜೊತೆ ಮೇಲ್ವಿಚಾರಣೆಯ ಆದೇಶವೂ ಬರಬಹುದು. ಬಂದರೆ ಕನಿಷ್ಠ ಒಂದು ವರ್ಷ ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ಇರಬೇಕು. ಎಲ್ಲಿ ವಾಸ ಮಾಡಬೇಕು, ಕುಡಿಯಬಾರದು, ಇಂಥ ಷರತ್ತುಗಳು ಅದರಲ್ಲಿರುತ್ತವೆ. ಷರತ್ತುಗಳನ್ನು ನಿಮಗೆ ತಿಳಿಸಿ ಹೇಳಬೇಕಾದದ್ದು ಕೋರ್ಟಿನ ಕರ್ತವ್ಯ. ಒಂದು ಪ್ರತಿ ನಿಮಗೆ, ಒಂದು ಜಾಮೀನುದಾರರಿಗೆ, ಒಂದು ಅಧಿಕಾರಿಗೆ. ಓದಲು ಬಾರದಿದ್ದರೆ ನಾಚಿಕೆ ಬೇಡ, ವಕೀಲರಿಂದ ಕನ್ನಡದಲ್ಲಿ ಓದಿಸಿಕೊಂಡು ಆಮೇಲೆ ಸಹಿ ಮಾಡಿ. ಆ ಹುಡುಗ ಓದಿಸಿಕೊಂಡಿರಲಿಲ್ಲ. ಅವನ ಷರತ್ತಿನಲ್ಲಿ ಊರಿನ ವಿಳಾಸ ಇತ್ತು.

ಹೊಡೆತ ತಿಂದವನನ್ನೂ ಮರೆಯಬಾರದು. ಅವನಿಗೆ ಪರಿಹಾರ ಕೊಡಿ ಎಂದು ಕೋರ್ಟು ಆದೇಶಿಸಬಹುದು. ಒಂದೇ ಸಲಕ್ಕೆ ಹೊಂದಿಸಲು ಆಗದಿದ್ದರೆ ಅಧಿಕಾರಿಯ ಹತ್ತಿರ ಮಾತಾಡಿ. ಪರಿಹಾರ ಕಟ್ಟಲು ಸಲಹೆ, ನೆರವು ಕೊಡುವುದು ಅವರ ಕೆಲಸವೇ. ಕೆಲಸ ಇಲ್ಲದವರಿಗೆ ಕೆಲಸ ಹುಡುಕಲು ಪ್ರಯತ್ನಿಸುವುದೂ ಕಾಯ್ದೆ ಅವರಿಗೆ ವಹಿಸಿದ ಹೊಣೆ. ಇದನ್ನು ಕೇಳುವವರೇ ಕಡಿಮೆ. ದಯವಿಟ್ಟು ಕೇಳಿ.

ಊರು ಬಿಡಬೇಕಾದರೆ

ಹೊಟ್ಟೆಪಾಡಿಗೆ ಹೈದರಾಬಾದಿಗೋ ಮುಂಬೈಗೋ ಹೋಗುವುದು ಇಲ್ಲಿ ತಪ್ಪಿದ್ದಲ್ಲ. ಹೋಗಲೇಬಾರದು ಎಂದೂ ಇಲ್ಲ. ಆದರೆ ಗಾಡಿ ಹತ್ತುವ ಮೊದಲೇ ಅಧಿಕಾರಿಯನ್ನು ಕಂಡು ಎಲ್ಲಿಗೆ, ಯಾರ ಹತ್ತಿರ, ಎಷ್ಟು ತಿಂಗಳು ಎಂದು ಬರೆದುಕೊಡಿ. ಕೆಲಸಕ್ಕೆ ಕರೆದೊಯ್ಯುವ ಮುಕಾದಮನ ಹೆಸರು, ಫೋನ್ ನಂಬರ್ ಸೇರಿಸಿ. ಕೊಟ್ಟ ಕಾಗದದ ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿ ಇಟ್ಟುಕೊಳ್ಳಿ. ಷರತ್ತು ಬದಲಿಸಲು ಅಧಿಕಾರಿ ಕೋರ್ಟಿಗೆ ಅರ್ಜಿ ಹಾಕಬಹುದು. ಬದಲಿಸುವ ಅಧಿಕಾರ ಕೋರ್ಟಿಗೆ ಮಾತ್ರ. ಬಾಯಿಮಾತಿನ 'ಹೋಗಿ ಬಾ' ಸಾಲದು.

ವಾರಂಟ್ ಅಥವಾ ಸಮನ್ಸ್ ಬಂದೇಬಿಟ್ಟರೆ? ಓಡಿಹೋಗಬೇಡಿ. ವಕೀಲರ ಜೊತೆ ಹಾಜರಾಗಿ, ನಡೆದದ್ದನ್ನು ಹೇಳಿ. ಷರತ್ತು ಮುರಿದದ್ದು ಮೊದಲ ಸಲವಾಗಿದ್ದರೆ ಮುಚ್ಚಳಿಕೆ ಹಾಗೇ ಉಳಿಸಿ 50 ರೂಪಾಯಿವರೆಗೆ ದಂಡ ಹಾಕಲು ಕೋರ್ಟಿಗೆ ಅವಕಾಶವಿದೆ. ಆ ದಂಡವನ್ನೂ ಹೇಳಿದ ದಿನದೊಳಗೆ ಕಟ್ಟದಿದ್ದರೆ, ಅಥವಾ ತಪ್ಪು ದೊಡ್ಡದು ಅನ್ನಿಸಿದರೆ, ಪಕ್ಕಕ್ಕಿಟ್ಟ ಶಿಕ್ಷೆಯನ್ನೇ ಕೊಡಬಹುದು. ಹುಡುಗ ಪುಣೆಯಿಂದ ಬಂದು ಕಟಕಟೆಯಲ್ಲಿ ನಿಂತ, ಕೈ ನಡುಗುತ್ತಿತ್ತು. 50 ರೂಪಾಯಿ ದಂಡ ಬಿತ್ತು. ಆಮೇಲೆ ಅಧಿಕಾರಿಯೇ ಅರ್ಜಿ ಹಾಕಿ ಪುಣೆಯ ವಿಳಾಸ ಸೇರಿಸಿಸಿದರು.

ಅವಧಿ ಮುಗಿದ ಮೇಲೆ

ನಡತೆ ಚೆನ್ನಾಗಿದ್ದರೆ, ಇನ್ನು ನಿಗಾ ಬೇಡ ಎಂದು ಅಧಿಕಾರಿ ಅರ್ಜಿ ಹಾಕಿದಾಗ ಕೋರ್ಟು ಅವಧಿಗೆ ಮೊದಲೇ ಬಿಡುಗಡೆ ಮಾಡಬಹುದು. ಮುಗಿದ ಮೇಲೆ, ಈ ಶಿಕ್ಷೆಯ ಕಾರಣಕ್ಕೆ ಕಾನೂನಿನಲ್ಲಿ ಬರುವ ಅನರ್ಹತೆ ನಿಮಗೆ ತಟ್ಟುವುದಿಲ್ಲ ಎಂದು ಕಾಯ್ದೆಯ 12ನೇ ಕಲಂ ಹೇಳುತ್ತದೆ. ಹಾಗಂತ ಅಪರಾಧ ಸಾಬೀತಾದದ್ದು ಅಳಿಸಿಹೋಗುವುದಿಲ್ಲ. ಸರ್ಕಾರಿ ನೌಕರರ ಮೇಲೆ ಅದೇ ನಡತೆಗಾಗಿ ಇಲಾಖೆ ಕ್ರಮ ತೆಗೆದುಕೊಳ್ಳಬಹುದು. ನೌಕರಿ ಅರ್ಜಿಯಲ್ಲಿ ಕೇಳಿದ್ದರೆ ನಿಜವನ್ನೇ ಬರೆಯಿರಿ, ಜೊತೆಗೆ ಪ್ರೊಬೇಷನ್ ಆದೇಶದ ಪ್ರತಿ ಇಡಿ. ಅದಕ್ಕಾಗಿ ನಕಲು ಅರ್ಜಿ ಹಾಕಿ ಕೋರ್ಟಿನ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಆ ಹುಡುಗನ ಪ್ರತಿ ಈಗ ಮನೆಯ ಟ್ರಂಕಿನಲ್ಲಿ, ಹೊಲದ ಪಹಣಿ ಇಟ್ಟಿರುವ ಪ್ಲಾಸ್ಟಿಕ್ ಚೀಲದಲ್ಲೇ ಇದೆ.